ಶಟಪ್ಪಿಗೆ ಕನ್ನಡದಲ್ಲಿ ಏನಂತಾರೆ

ಮೊನ್ನೆ ನನ್ನ ಸ್ಪೋಕನ್ ಇಂಗ್ಲೀಷ್ ಕ್ಲಾಸಿನ ಹುಡುಗಿಯೊಬ್ಬಳು, ಹುಲಗೋಳದಿಂದ ದಿನಾ ಬಸ್ಸಿಗೆ ಶಿರಸಿಗೆ ಬರುವವಳು, ತಾನು ಬರೆದ ಪ್ರಬಂಧಕ್ಕೆ ನಾನು ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದನ್ನು ನೋಡಿ, ಆ ಮೂರರ ಕೆಳಗೆ ಚಿಕ್ಕದಾಗಿ ‘ಎಲ್.ಓ.ಎಲ್.’ ಎಂದು ಬರೆದು ಪುಸ್ತಕ ವಾಪಸ್ಸು ಇಟ್ಟುಹೋದಳು. ಮೇಷ್ಟ್ರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಎಂಬುದು ಅವಳ ಧೈರ್ಯ. ಗೊತ್ತಾಗುತ್ತದೆ ತಾಯಿ. ಜೋರಾಗಿ ನಗು ಬರುತ್ತಿದೆ ಎಂದು ಅದರರ್ಥ. ಅದನ್ನು ತಿಳಿಯಲು ನಾನು ತೆತ್ತ ಬೆಲೆ ನಿನಗೆ ಗೊತ್ತಿಲ್ಲ ಅಷ್ಟೆ.

ಅವಳು ಹೋದ ಮೇಲೆ ಮೇಜಿನ ಖಾನೆ ಎಳೆದು ಒಂದು ನೋಟ್‌ಬುಕ್ ತೆಗೆದೆ. ನೂರು ಪುಟದ್ದು, ರಟ್ಟು ಕಿತ್ತುಹೋದದ್ದು. ಮೇಲೆ ನನ್ನದೇ ದುಂಡಗಿನ ಅಕ್ಷರದಲ್ಲಿ ‘ಅಮೇರಿಕದ ಹುಡುಗರ ಮಾತು’ ಎಂದಿದೆ. ಒಳಗೆ ಎಡಕ್ಕೆ ಶಬ್ದ, ಬಲಕ್ಕೆ ಅರ್ಥ. ಕೂಲ್: ತಣ್ಣಗೆ ಅಲ್ಲ, ಚೊಲೋ ಇದೆ ಎಂದು. ಸಿಕ್: ಕಾಯಿಲೆ ಅಲ್ಲ, ಅದೂ ಚೊಲೋ ಇದೆ ಎಂದೇ. ಬ್ಯಾಡ್: ಕೆಲವೊಮ್ಮೆ ಕೆಟ್ಟದ್ದು, ಕೆಲವೊಮ್ಮೆ ಬಹಳ ಚೊಲೋ, ಹೇಳುವವರ ಮುಖ ನೋಡಿ ನಿಶ್ಚಯಿಸುವುದು. ಬಿ.ಆರ್.ಬಿ.: ಈಗ ಬಂದೆ ಎಂದು ಹೇಳಿ ಬಾರದೆ ಇರುವುದು. ಹೀಗೆ ಎಪ್ಪತ್ತು ಪುಟ. ಇದನ್ನು ಓದಲು ಕೂತರೆ ನನಗೆ ಕೂರಲಾಗುವುದಿಲ್ಲ. ಎರಡನೇ ಪುಟಕ್ಕೆ ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ, ಮೂರನೇ ಪುಟಕ್ಕೆ ಚಹಾ ಕುಡಿಯಲು ಕೆಳಗಿಳಿಯುತ್ತೇನೆ. ಹೆಂಡತಿ ಹೇಳುತ್ತಾಳೆ, ನಿಮಗೆ ಕುರ್ಚಿ ಯಾಕೆ ತಂದಿದ್ದು, ಸುಮ್ಮನೆ ದುಡ್ಡು ದಂಡ ಎಂದು.

ಈ ಚಡಪಡಿಕೆ ನನಗೆ ಹುಟ್ಟಿನಿಂದ ಬಂದದ್ದು ಇರಬೇಕು. ಅಪ್ಪ ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ನಮ್ಮ ಮನೆ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಪ್ರಪಂಚದಲ್ಲಿ ಎಲ್ಲರೂ ಎಲ್ಲಿಗೋ ಹೊರಟಿದ್ದಾರೆ, ನಾವು ಮಾತ್ರ ಇಲ್ಲೇ ಇದ್ದೇವೆ ಎಂಬ ಭಾವನೆಯಲ್ಲೇ ನಾನು ದೊಡ್ಡವನಾದೆ. ಹಾವೇರಿ ಕಡೆಯವರು “ಬರ್ರಿ, ಜಾಗಾ ಐತ್ರಿ” ಎಂದು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಕುಮಟೆಯಿಂದ ಬಂದವರು ಕೊಂಕಣಿಯಲ್ಲಿ ಜಗಳಾಡುತ್ತಿದ್ದರು. ಮನೆಯೊಳಗೆ ನಮ್ಮದು ಹವ್ಯಕರ ಮಾತು, ಅಲ್ಲಿ ನಾನು ಎಂಬುದು ‘ಆನು’, ನನಗೆ ಎಂಬುದು ‘ಯಂಗೆ’, ಅವಳು ಎಂಬುದು ‘ಅದು’; ಹೊಸ್ತಿಲು ದಾಟಿದರೆ ಶಾಲೆಯ ಕನ್ನಡ. ಅದೇ ಒಂದು ಶಬ್ದ ನೋಡಿ: ನಮ್ಮ ಮನೆಯಲ್ಲಿ ‘ಇಲ್ಲೆ’ ಎಂದರೆ ಇಲ್ಲ ಎಂದು, ಹೊರಗಿನವರಿಗೆ ಇಲ್ಲಿಯೇ ಎಂದು. ಅಪ್ಪನನ್ನು ಹುಡುಕಿಕೊಂಡು ಬಂದ ಧಾರವಾಡ ಕಡೆಯ ಡ್ರೈವರೊಬ್ಬನಿಗೆ ಅಮ್ಮ ಒಳಗಿನಿಂದಲೇ “ಇಲ್ಲೆ, ಇಲ್ಲೆ” ಎಂದಳಂತೆ. ಆತ ಇಲ್ಲೇ ಇದ್ದಾರೆ ಎಂದುಕೊಂಡು ಜಗಲಿಯ ಮೇಲೆ ಅರ್ಧ ತಾಸು ಕೂತ. ಹೀಗೆ ಶಬ್ದಗಳು ಜನರಿಗೆ ಮೋಸ ಮಾಡುತ್ತವೆ ಎಂಬುದು ನನಗೆ ಚಿಕ್ಕಂದಿನಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ತಿಳಿಯದಿದ್ದುದಕ್ಕೆ ಅರ್ಧ ಕಾರಣ ನಮ್ಮ ಹೈಸ್ಕೂಲಿನ ಇಂಗ್ಲೀಷ್ ಮಾಸ್ತರರು. ಅವರದು ಪದಕ್ಕೆ ಪದ ಎಂಬ ಸಿದ್ಧಾಂತ. ಬೋರ್ಡಿನ ನಡುವೆ ಒಂದು ಗೆರೆ, ಆಚೆ ಇಂಗ್ಲೀಷು, ಈಚೆ ಕನ್ನಡ. ಒಂದು ಶಬ್ದಕ್ಕೆ ಎರಡು ಅರ್ಥ ಇರಬಹುದೇ ಸಾರ್ ಎಂದು ಕೇಳಿದವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ನಾನು ಆ ವಿದ್ಯೆಯಲ್ಲಿ ಪ್ರಚಂಡನಾದೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಪಿಕ್‌ಪಾಕೆಟ್‌ನವರ ಬಗ್ಗೆ ಎಚ್ಚರ ಎಂದು ಇಂಗ್ಲೀಷಿನಲ್ಲಿ ಒಂದು ಬೋರ್ಡು ಇತ್ತು. ಅದರಲ್ಲಿ ಏನಿದೆ ತಮ್ಮಾ ಎಂದು ಮುದುಕರೊಬ್ಬರು ಕೇಳಿದಾಗ, ಕಿಸೆಗಳನ್ನು ಆರಿಸುವವರು ಇದ್ದಾರೆ, ಜಾಗ್ರತೆ ಎಂದೆ. ಅವರು ತಮ್ಮ ಅಂಗಿಯನ್ನೇ ನೋಡಿಕೊಂಡು, ನನ್ನದು ಹರಿದಿದೆ, ಯಾರೂ ಆರಿಸಲಿಕ್ಕಿಲ್ಲ ಬಿಡು ಎಂದರು. ಅರೆಕಲಿತವನ ಅಬ್ಬರ ಅಷ್ಟಿಷ್ಟಲ್ಲ ನೋಡಿ. ಮುಂದೆ ಶಿರಸಿಯ ಕಾಲೇಜಿನಲ್ಲಿ ಇಂಗ್ಲೀಷೇ ತೆಗೆದುಕೊಂಡು ಬಿ.ಎ. ಮಾಡಿದೆ.

ಇನ್ನು ಭಾಗತ್ತೆಯ ವಿಷಯಕ್ಕೆ ಬರಬೇಕು. ಬರಲು ಮನಸ್ಸಿಲ್ಲದೆ ಇಷ್ಟು ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಸುತ್ತಿದೆ.

ಭಾಗತ್ತೆ ಅಪ್ಪನ ಅಕ್ಕ. ಭಾಗೀರಥಿ ಎಂಬ ಹೆಸರಿನ ಅರ್ಧ ಭಾಗ ಅವಳಿಗೆ ಉಳಿದಿತ್ತು. ಯಲ್ಲಾಪುರ ತಾಲೂಕಿನ ಉಮ್ಮಚಗಿಗೆ ಕೊಟ್ಟಿದ್ದರು. ಪ್ರತಿ ಬೇಸಿಗೆ ರಜೆಗೆ ಅಪ್ಪ ನನ್ನನ್ನು ಗುರುತಿನ ಕಂಡಕ್ಟರನ ಕೈಗೆ ಒಪ್ಪಿಸಿ ಅಲ್ಲಿಗೆ ಕಳಿಸುತ್ತಿದ್ದ. ಭಾಗತ್ತೆಯ ಹೆಚ್ಚುಗಾರಿಕೆ ಎಂದರೆ ಮಾತು. ಬೆಳಿಗ್ಗೆ ಒಲೆ ಹಚ್ಚುವಾಗ ಶುರುವಾದ ಮಾತು ಪಾತ್ರೆ ಬೋರಲು ಹಾಕುವ ತನಕ ನಿಲ್ಲುತ್ತಿರಲಿಲ್ಲ. ಮಜ್ಜಿಗೆ ಕಡೆಯುತ್ತ ತಾನು ಶಾಲೆ ಬಿಟ್ಟ ಕಥೆ, ಅವಲಕ್ಕಿ ಕೇರುತ್ತ ನಂದೊಳ್ಳಿಯ ಯಾವುದೋ ಮದುವೆಯಲ್ಲಿ ಬೀಗರು ಮುನಿಸಿಕೊಂಡು ಹೋದ ಕಥೆ. ಒಂದು ಕಥೆಯೊಳಗಿಂದ ಇನ್ನೊಂದು ಹೊರಡುತ್ತಿತ್ತು, ಮೊದಲಿನದು ಮುಗಿಯುವಷ್ಟರಲ್ಲಿ ಮಾವ ಊಟ ಮುಗಿಸಿ ಏಳುತ್ತಿದ್ದರು. ಮನೆಯ ದೊಡ್ಡವರೆಲ್ಲ ಅವಳು ಬಾಯಿ ತೆಗೆದ ಕೂಡಲೇ ಏನೋ ಕೆಲಸ ನೆನಪಾದಂತೆ ಹೊರಗೆ ನಡೆಯುತ್ತಿದ್ದರು. ಒಂದೆಡೆ ಐದು ನಿಮಿಷ ಕೂರಲಾರದ ನಾನು ಅವಳ ಒಲೆಯ ಮುಂದೆ ಮಾತ್ರ ತಾಸುಗಟ್ಟಲೆ ಕೂರುತ್ತಿದ್ದೆ. ನನ್ನ ಆಯುಷ್ಯದಲ್ಲಿ ನಾನು ನೆಮ್ಮದಿಯಾಗಿ ಕೂತ ಜಾಗ ಅದೊಂದೇ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನನ್ನ ಬಿ.ಎ. ಮುಗಿದು ಮೂರು ವರ್ಷವಾಗಿತ್ತು, ಕೆಲಸವಿರಲಿಲ್ಲ. ಆಗ ಅಮೇರಿಕದಿಂದ ಟ್ರೇಸಿ ಎಂಬ ಹುಡುಗಿ ಬಂದಳು. ಓದುತ್ತಿದ್ದವಳು. ಅಡುಗೆಯ ವಿದ್ಯೆಯನ್ನು ಹೆಂಗಸರು ಬಾಯಿಮಾತಿನಲ್ಲಿ ಹೇಗೆ ದಾಟಿಸುತ್ತಾರೆ ಎಂಬುದು ಅವಳ ವಿಷಯವಂತೆ. ಏನು ಮಾಡುತ್ತಾರೆ ಎಂಬುದಲ್ಲ, ಮಾಡುತ್ತ ಏನು ಹೇಳುತ್ತಾರೆ ಎಂಬುದು. ನನ್ನ ಹಳೆಯ ಪ್ರೊಫೆಸರರು ಅವಳಿಗೆ ದುಭಾಷಿಯಾಗಿ ನನ್ನ ಹೆಸರು ಹೇಳಿದರು. ಅವಳು ವಿಷಯ ಹೇಳಿ ಮುಗಿಸುವಷ್ಟರಲ್ಲಿ ನಾನು ಉಮ್ಮಚಗಿಯ ಬಸ್ಸಿನ ವೇಳೆ ಯೋಚಿಸುತ್ತಿದ್ದೆ. ಮಾತು ಬೇಕೆಂದು ಸಮುದ್ರ ದಾಟಿ ಬಂದವಳಿಗೆ ಭಾಗತ್ತೆಯನ್ನು ಬಿಟ್ಟು ಇನ್ನಾರನ್ನು ತೋರಿಸುವುದು?

ಟ್ರೇಸಿ ನನಗೆ ಒಂದೇ ಷರತ್ತು ಹಾಕಿದಳು. ನೀನು ಸೇರಿಸಬೇಡ, ಬಿಡಬೇಡ, ಅವರು ಹೇಳಿದ್ದನ್ನು ಪದಕ್ಕೆ ಪದ ಹೇಳು ಎಂದಳು. ಪದಕ್ಕೆ ಪದ! ನನ್ನ ಮಾಸ್ತರರೇ ಬಿಳಿಯ ಚರ್ಮ ತೊಟ್ಟು ಬಂದಂತಾಯಿತು.

ಐದು ದಿನದ ಕಾರ್ಯಕ್ರಮ. ಭಾಗತ್ತೆ ಮೊದಲ ದಿನವೇ ಅವಳ ಹೆಸರನ್ನು ನಾಲಿಗೆಗೆ ಹೊಂದಿಸಿಕೊಂಡು ‘ತ್ರಾಸಿ’ ಮಾಡಿದಳು. ತ್ರಾಸು ಎಂದರೆ ನಮ್ಮಲ್ಲಿ ತೊಂದರೆ. ತ್ರಾಸಿಗೆ ಆಸರಿಗೆ ಎಂತ ಬೇಕು ಕೇಳು, ಕಷಾಯವೋ ಪಾನಕವೋ ಎಂದು ನನಗೆ ಹೇಳುವಳು. ಊಟದ ಹೊತ್ತಿಗೆ ಮೊದಲನೇ ಎಡವಟ್ಟು ಆಯಿತು. ಬಾಳೆ ಎಲೆಯ ಮೇಲೆ ಮತ್ತೊಂದು ಸೌಟು ಅನ್ನ ಬಡಿಸಲು ಹೋದರೆ ಟ್ರೇಸಿ ಕೈ ಅಡ್ಡ ಹಿಡಿದು “ಐಯಾಮ್ ಗುಡ್” ಎಂದಳು. ನಾನು ನಿಷ್ಠೆಯಿಂದ, ತಾನು ಒಳ್ಳೆಯವಳು ಎನ್ನುತ್ತಿದ್ದಾಳೆ ಎಂದು ತಿಳಿಸಿದೆ. ಒಳ್ಳೇದಾದರೆ ಇನ್ನೊಂದು ಸೌಟು ಉಣ್ಣಲಿ ಎಂದು ಅತ್ತೆ ಬಡಿಸಿಯೇ ಬಿಟ್ಟಳು. ಹುಡುಗಿ ಮತ್ತೆ ತಾನು ಒಳ್ಳೆಯವಳೆಂದಳು, ಅತ್ತೆ ಮತ್ತೆ ಬಡಿಸಿದಳು. ಸಾಕು ಎಂಬುದಕ್ಕೆ ಅವರಲ್ಲಿ ಹಾಗೆನ್ನುತ್ತಾರೆ ಎಂದು ಯಾವ ಡಿಕ್ಷನರಿಯಲ್ಲಿತ್ತು? ಆ ಮಧ್ಯಾಹ್ನ ಟ್ರೇಸಿ ಜಗಲಿಯ ಕಂಬಕ್ಕೊರಗಿ ಎರಡು ತಾಸು ನಿದ್ದೆ ಹೊಡೆದಳು.

ಎರಡನೆಯ ದಿನ ತೊಡೆದೇವು ಮಾಡುವುದೆಂದು ನಿಶ್ಚಯವಾಯಿತು. ಆಲೆಮನೆಯ ಕಾಲ, ಕಬ್ಬಿನ ಹಾಲು ಬಂದಿತ್ತು. ತೊಡೆದೇವು ತಿಂದವರಿಗೆ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ. ದುಂಡಗಿನ ಮಡಕೆಯೊಂದನ್ನು ಒಲೆಯ ಮೇಲೆ ಬೋರಲು ಹಾಕಬೇಕು. ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ರುಬ್ಬಿದ ತೆಳ್ಳಗಿನ ಹಿಟ್ಟಿಗೆ ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದ್ದಿ, ಮಡಕೆಯ ಬೆನ್ನಿನ ಮೇಲೆ ಒಂದೇ ಬೀಸಿಗೆ ತೊಡೆಯಬೇಕು. ಕಣ್ಣು ಮಿಟುಕಿಸುವುದರೊಳಗೆ ಅದು ಕಾಗದಕ್ಕಿಂತ ತೆಳ್ಳಗಿನ ಹಾಳೆಯಾಗಿ ಏಳುತ್ತದೆ. ಬಿಸಿಯಿರುವಾಗಲೇ ಮಡಚಬೇಕು, ಒಂದು ಉಸಿರು ತಡವಾದರೆ ಪುಡಿ. ಭಾಗತ್ತೆಯ ತೊಡೆದೇವಿಗೆ ಮೂರು ಊರಿನ ಮದುವೆ ಮನೆಗಳಿಂದ ಹೇಳಿಕೆ ಬರುತ್ತಿತ್ತು.

ಅವತ್ತು ಅತ್ತೆ ತುಂಬ ಲಹರಿಯಲ್ಲಿದ್ದಳು. ಅವಳ ಮಾತು ಹಿಡಿಯಲೆಂದೇ ಅಷ್ಟು ದೂರದಿಂದ ಒಬ್ಬಳು ಬಂದಿದ್ದಾಳೆ, ಮುಂದೆ ಒಂದು ಪುಟ್ಟ ಟೇಪ್ ರೆಕಾರ್ಡರ್ ತಿರುಗುತ್ತಿದೆ. ಮಡಕೆ ಕಾದದ್ದು ಹೇಗೆ ಗೊತ್ತಾಗುತ್ತದೆ ಎಂದು ಹೇಳುತ್ತಿದ್ದಳು. ಕೈ ಇಟ್ಟು ನೋಡುವುದಲ್ಲ, ನೀರು ಚಿಮುಕಿಸಿ ಕೇಳುವುದು. ಚುಂಯ್ ಎಂದರೆ ಕಾಯಬೇಕು, ಚರ್ ಎಂದರೆ ಹೆಚ್ಚಾಯಿತು, ಎರಡರ ನಡುವೆ ಒಂದು ಸದ್ದು ಇದೆ, ಅದನ್ನು ತನ್ನ ಅಬ್ಬೆ ಏನೆಂದು ಕರೆಯುತ್ತಿದ್ದಳು ಎಂದರೆ, ಎನ್ನುತ್ತಲೇ ಹಿಟ್ಟು ತೊಡೆದು, ಹಾಳೆ ಎಬ್ಬಿಸಿ, ಹುಡುಗಿಗೆ ಕಾಣಲೆಂದು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಹಾಳೆಯ ಆಚೆ ಕಿಟಕಿಯ ಸರಳುಗಳು ಕಂಡವು.

ಟ್ರೇಸಿ ಎದೆಯ ಮೇಲೆ ಕೈ ಇಟ್ಟುಕೊಂಡು, ಕಣ್ಣು ಅಗಲ ಮಾಡಿ, “ಶಟಪ್!” ಎಂದಳು.

ಅತ್ತೆ ಹಾಳೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. “ಎಂತ ಹೇಳ್ತು ತಮಾ ಅದು?”

ಈ ಜಾಗಕ್ಕೆ ಬಂದಾಗ ನಾನು ಈಗಲೂ ಕುರ್ಚಿ ಬಿಟ್ಟು ಏಳುತ್ತೇನೆ. ಹುಡುಗಿಯ ಕಣ್ಣು ಒಂದು ಹೇಳುತ್ತಿತ್ತು, ಶಬ್ದ ಇನ್ನೊಂದು ಹೇಳುತ್ತಿತ್ತು. ನಾನು ಶಬ್ದವನ್ನು ನಂಬುವ ಜಾತಿಯವನು. ಅದೂ ಅಲ್ಲದೆ, ನಿಜ ಹೇಳಿಬಿಡುತ್ತೇನೆ, ತಡವರಿಸಿದೆ ಎಂದು ತೋರಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಮೂರು ವರ್ಷ ಕೆಲಸವಿಲ್ಲದೆ ಕೂತವನಿಗೆ ಆ ಐದು ದಿನ ನಾನು ಏನೋ ಆಗಿದ್ದೇನೆ ಎಂಬ ಜಂಬ ಇತ್ತು. ಕೇಳಿದ ಕೂಡಲೇ ಹೇಳಿದೆ.

“ಬಾಯಿ ಮುಚ್ಚು ಹೇಳ್ತು, ಅತ್ತೆ.”

ಅತ್ತೆಯ ಕೈಯಲ್ಲಿದ್ದ ಹಾಳೆ ಅಷ್ಟರಲ್ಲಿ ಗರಿಗರಿಯಾಗಿ, ಮಡಚಲು ಹೋದರೆ ಪುಡಿಪುಡಿಯಾಯಿತು. ಅವಳು ಪುಡಿಯನ್ನು ತಟ್ಟೆಗೆ ಹಾಕಿ, ಇನ್ನೊಂದು ತೊಡೆದಳು. ಮತ್ತೊಂದು ತೊಡೆದಳು. ಇಪ್ಪತ್ತೋ ಮೂವತ್ತೋ ತೊಡೆದೇವು ಆಯಿತು, ಮಾತಿಲ್ಲ. ಟ್ರೇಸಿಯ ಕ್ಯಾಸೆಟ್ಟಿನಲ್ಲಿ ಒಲೆಯ ಸದ್ದು ಮಾತ್ರ ಸೇರಿತು. ನನ್ನ ಮುಖ ನೋಡಿ ಏನಾಯಿತು ಎಂದು ಅವಳು ಕೇಳಿದಳು. ಏನಿಲ್ಲ ಎಂದೆ. ಮೂರನೆಯ ದಿನ ಅತ್ತೆ ಕೇಳಿದ್ದಕ್ಕೆಲ್ಲ ಹ್ಞೂಂ, ಉಹ್ಞೂಂ ಎಂದಷ್ಟೇ ಉತ್ತರ ಕೊಟ್ಟಳು. ಅದನ್ನು ಪದಕ್ಕೆ ಪದ ಅನುವಾದಿಸಲು ನಾನು ಬೇಕಾಗಿರಲಿಲ್ಲ. ಆ ಸಂಜೆಯೇ ಟ್ರೇಸಿ ಎರಡು ದಿನ ಮೊದಲೇ ಹೊರಟಳು. ಬಸ್ಸಿಗೆ ಕಾಯುವಾಗ, ನನ್ನಿಂದ ಏನಾದರೂ ತಪ್ಪಾಯಿತೇ, ನಿನಗೆ ಗೊತ್ತಿದ್ದರೆ ಹೇಳು, ನಾನು ಹೋಗಿ ಕ್ಷಮೆ ಕೇಳಿಕೊಳ್ಳುತ್ತೇನೆ ಎಂದಳು. ಅತ್ತೆಗೆ ಆಯಾಸ ಎಂದೆ. ಹಿರಿಯರ ಮುಂದೆ ಹೀಗೆ ನಾಲಿಗೆ ಹರಿಯಬಿಟ್ಟು ಈಗ ಮುಗ್ಧೆಯಂತೆ ನಿಂತಿದ್ದಾಳಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಮೂರು ದಿನದ ಸಂಬಳದಲ್ಲಿ ನಾನು ಒಂದು ದೊಡ್ಡ ಡಿಕ್ಷನರಿ ಕೊಂಡೆ.

ಅದಾದ ಮೇಲೆ ಉಮ್ಮಚಗಿಗೆ ಹೋದಾಗಲೆಲ್ಲ ಭಾಗತ್ತೆ ನನಗೆ ಹೇಳುತ್ತಿದ್ದುದು ಮೂರೇ ಮಾತು. ಬಾ. ಕೂತ್ಕ. ಉಂಡ್ಕಂಡು ಹೋಗು. ಒಲೆಯ ಮುಂದೆ ಕೂತರೆ ಅವಳು ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ವಯಸ್ಸಾಯಿತು ಎಂದುಕೊಂಡೆ. ಮಾವ ತೀರಿಕೊಂಡ ದುಃಖ ಎಂದೂ ಅಂದುಕೊಂಡೆ. ಆ ಅಮೇರಿಕದವಳ ಒಂದು ಮಾತು ಎಷ್ಟು ಆಳಕ್ಕೆ ಇಳಿಯಿತಲ್ಲ ಎಂದು ಅಪ್ಪನ ಹತ್ತಿರ ಹೇಳಿಯೂ ಆಯಿತು. ನಾನು ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ಹೋಗದಿದ್ದರೆ ಸಮಾಧಾನವಿಲ್ಲ, ಹೋದರೆ ಮುಳ್ಳಿನ ಮೇಲೆ ಕೂತ ಹಾಗೆ.

ಇಷ್ಟರಲ್ಲಿ ಶಿರಸಿಗೆ ಇಂಟರ್‌ನೆಟ್ ಬಂತು. ನಾನು ಸ್ಪೋಕನ್ ಇಂಗ್ಲೀಷ್ ಕ್ಲಾಸು ತೆರೆದಿದ್ದೆ, ದೇವಿಕೆರೆಯ ಹತ್ತಿರ ಒಂದು ಮಹಡಿಯ ಮೇಲೆ. ಕೆಳಗೇ ಸೈಬರ್ ಕೆಫೆ. ಪ್ಲೈವುಡ್ಡಿನ ಗೂಡುಗಳು, ಪ್ರತಿಯೊಂದಕ್ಕೂ ಒಂದು ಪರದೆ, ಹೊರಗೆ ಚಪ್ಪಲಿ ಬಿಡಬೇಕು. ಚಪ್ಪಲಿ ನೋಡಿ ಒಳಗೆ ಯಾರಿದ್ದಾರೆ ಎಂದು ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಕ್ಲಾಸಿನ ಹುಡುಗರು ಚಾಟ್ ರೂಮಿನಲ್ಲಿ ಅಮೇರಿಕದವರ ಜೊತೆ ಹರಟಿ, ಅಲ್ಲಿ ಸಿಕ್ಕ ಶಬ್ದಗಳನ್ನು ತಂದು ಸಾರ್, ಇದರ ಅರ್ಥ ಏನು ಎಂದು ನನ್ನ ಮುಂದೆ ಇಡತೊಡಗಿದರು. ದೊಡ್ಡ ಡಿಕ್ಷನರಿಯಲ್ಲಿ ಒಂದೂ ಸಿಗಲಿಲ್ಲ. ಮಾನ ಉಳಿಸಿಕೊಳ್ಳಲು ನಾನೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾಯಿತು. ನೋಟ್‌ಬುಕ್ ಶುರುವಾದದ್ದು ಹಾಗೆ.

ಮೊದಲ ದಿನ ಯಾರೋ ಎ.ಎಸ್.ಎಲ್. ಎಂದು ಕೇಳಿದರು. ಯಾವುದೋ ಪರೀಕ್ಷೆಯ ಹೆಸರು ಇರಬೇಕೆಂದು ನಾನು ಬಿ.ಎ. ಎಂದು ಉತ್ತರಿಸಿದೆ. ವಯಸ್ಸು, ಗಂಡೋ ಹೆಣ್ಣೋ, ಊರು ಯಾವುದು ಎಂದು ಕೇಳುವ ರೀತಿ ಅದಂತೆ. ನಮ್ಮ ಬಸ್ಸಿನಲ್ಲಿ ಪಕ್ಕ ಕೂತವರು ಯಾವೂರಾಯ್ತು, ಯಾರ ಪೈಕಿ ಎಂದು ಕೇಳುವುದಿಲ್ಲವೇ, ಅದನ್ನೇ ಮೂರು ಅಕ್ಷರ ಮಾಡಿಕೊಂಡಿದ್ದಾರೆ ಪಾಪ. ಹೀಗೆ ಒಂದೊಂದೇ ಕಲಿತೆ. ಬೆಳಿಗ್ಗೆ ಎಂಟಕ್ಕೆ ಕೆಫೆ ತೆರೆದರೆ ಅಮೇರಿಕದಲ್ಲಿ ಹಿಂದಿನ ದಿನದ ರಾತ್ರಿ, ಹುಡುಗರೆಲ್ಲ ಓದು ಬಿಟ್ಟು ಹರಟುವ ಹೊತ್ತು. ನಾನು ಒಂದು ಕೈಯಲ್ಲಿ ಟೈಪು ಮಾಡುತ್ತ ಇನ್ನೊಂದು ಕೈಯಲ್ಲಿ ಬರೆದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಸನ್‌ಫ್ಲವರ್ ಎಂಬ ಹೆಸರಿಟ್ಟುಕೊಂಡ ಹುಡುಗಿಯೊಬ್ಬಳು ಆ ಮೂರು ಅಕ್ಷರ ಕೇಳಿದಳು. ಈಗ ನಾನು ಪಳಗಿದವನು. ಇಪ್ಪತ್ತೇಳು, ಗಂಡು, ಶಿರಸಿ, ಯು.ಕೆ. ಎಂದು ಹೊಡೆದೆ. ಉತ್ತರ ಕನ್ನಡದ ನಾವು ಕಾಗದದ ಮೇಲೆ ವಿಳಾಸ ಬರೆಯುವುದೇ ಹಾಗಲ್ಲವೇ? ಇಂಗ್ಲೀಷಿನಲ್ಲಿ ಯು.ಕೆ., ಕನ್ನಡದಲ್ಲಿ ಉ.ಕ. ಅಂಗಡಿಯ ಬೋರ್ಡಿನ ಮೇಲೂ ಅದೇ, ಮದುವೆಯ ಕರೆಯೋಲೆಯ ಮೇಲೂ ಅದೇ. ಜಗತ್ತಿನಲ್ಲಿ ಇನ್ನೊಂದು ಯು.ಕೆ. ಇದೆ, ಅಲ್ಲಿ ರಾಣಿ ಇದ್ದಾಳೆ ಎಂಬುದು ಆ ಕ್ಷಣ ತಲೆಗೇ ಬರಲಿಲ್ಲ.

ಪರದೆಯ ಮೇಲೆ ಉತ್ತರ ಮೂಡಿತು. ಶಟಪ್, ನನ್ನ ಅಜ್ಜಿಯೂ ಯು.ಕೆ.ಯವಳು!

ಆಯುಷ್ಯದಲ್ಲಿ ಎರಡನೇ ಸಲ ಆ ಶಬ್ದ ನನ್ನ ಎದುರಿಗೆ ಬಂದು ಕೂತಿತು. ಮೇಡಂ, ನಾನು ಏನೂ ತಪ್ಪು ಮಾತಾಡಿಲ್ಲ, ತಮಗೆ ಇಷ್ಟವಿಲ್ಲದಿದ್ದರೆ ನಿಲ್ಲಿಸುತ್ತೇನೆ ಎಂದು ಗಂಭೀರವಾಗಿ ಬರೆದೆ. ಅವಳು ಎಲ್.ಓ.ಎಲ್. ಎಂದು ಮೂರು ಸಲ ಹೊಡೆದಳು. ಅಯ್ಯೋ, ಬೈದದ್ದಲ್ಲ, ನಂಬಲಿಕ್ಕೇ ಆಗ್ತಿಲ್ಲ, ಎಷ್ಟು ಖುಷಿಯಾಯಿತು ಎನ್ನುವುದಕ್ಕೆ ನಾವೆಲ್ಲ ಹಾಗನ್ನುತ್ತೇವೆ, ನಿನಗೆ ಗೊತ್ತಿಲ್ಲವೇ ಎಂದು ಬರೆದಳು. ಆಮೇಲೆ ಯು.ಕೆ.ಯಲ್ಲಿ ನಿನ್ನ ಊರು ಎಲ್ಲಿ ಬರುತ್ತದೆ, ವೇಲ್ಸಿಗೆ ಹತ್ತಿರವೋ ಎಂದು ಕೇಳಿದಳು. ಹಾವೇರಿಗೆ ಹತ್ತಿರ ಎಂದು ಬರೆದು ಎದ್ದುಬಿಟ್ಟೆ. ಅವಸರದಲ್ಲಿ ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದೆ.

ಅವತ್ತು ಹತ್ತು ಗಂಟೆಯ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತವನಿಗೆ ಏನು ಪಾಠ ಎಂಬುದು ಮರೆತುಹೋಯಿತು. ಹಾಗಾದರೆ ಆ ಹುಡುಗಿ ಬೈದಿರಲಿಲ್ಲ. ಕಣ್ಣು ಹೇಳಿದ್ದೇ ನಿಜ. ಅತ್ತೆಯನ್ನು ಅಷ್ಟು ಮೆಚ್ಚಿದವಳನ್ನು ನಾನು ದುರಹಂಕಾರಿ ಮಾಡಿ ಕಳಿಸಿದೆ, ಅತ್ತೆಯ ಬಾಯಿಗೆ ಬೀಗ ಹಾಕಿದೆ. ಕೂಡಲೇ ಉಮ್ಮಚಗಿಗೆ ಹೋಗಬೇಕಿತ್ತು. ಹೋಗಲಿಲ್ಲ. ಇಂಗ್ಲೀಷ್ ಮೇಷ್ಟ್ರು ಎಂದು ಬೋರ್ಡು ಹಾಕಿಕೊಂಡವನು ಹೋಗಿ, ನನಗೆ ಇಂಗ್ಲೀಷ್ ಬರುತ್ತಿರಲಿಲ್ಲ ಎಂದು ಹೇಗೆ ಹೇಳುವುದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ದಿನ ಸ್ಟ್ಯಾಂಡಿನ ತನಕ ಹೋಗಿ ಯಲ್ಲಾಪುರದ ಬಸ್ಸು ಹೊರಡುವುದನ್ನು ನೋಡಿ ವಾಪಸ್ಸು ಬಂದೆ. ಇನ್ನೊಂದು ದಿನ ಬಸ್ಸು ಹತ್ತಿ, ಟಿಕೆಟ್ ತೆಗೆಸುವ ಮೊದಲೇ ಇಳಿದೆ. ಮನೆಯಲ್ಲಿ ಉಣ್ಣುವ ತಟ್ಟೆ ಬಿಟ್ಟು ಎದ್ದು ಓಡಾಡಿದೆ. ಹದಿನೈದು ದಿನ ಹೀಗೇ ಕಳೆದು ಒಂದು ಶನಿವಾರ ಕ್ಲಾಸಿಗೆ ರಜೆ ಕೊಟ್ಟು ಹೊರಟೆ.

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು. ಒಬ್ಬಳು ತನ್ನ ನಾದಿನಿ ಯಾರಿಗೂ ಹೇಳದೆ ಸ್ಕೂಟರ್ ಕಲಿತ ಸುದ್ದಿ ಹೇಳುತ್ತಿದ್ದಳು. ಇನ್ನೊಬ್ಬಳು ಕೇಳಿ ಕೇಳಿ, ಗಲ್ಲಕ್ಕೆ ಕೈ ಹಚ್ಚಿ, “ಸುಮ್ನಿರೇ ಮಾರಾಯ್ತಿ” ಎಂದಳು. ಹೇಳುತ್ತಿದ್ದವಳು ಸುಮ್ಮನಾದಳೇ? ಎರಡು ಪಟ್ಟು ಹುರುಪಿನಿಂದ ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಕೇಳುವವಳು “ಹೋಗೇ” ಎಂದಳು. ಅವಳು ಹೋಗಲಿಲ್ಲ.

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಸುಮ್ನಿರೇ ಮಾರಾಯ್ತಿ! ಇದೇ ಅಲ್ಲವೇ ಅದು? ನನ್ನ ಅಮ್ಮ ದಿನಕ್ಕೆ ಹತ್ತು ಸಲ ಅನ್ನುವ ಮಾತು, ಭಾಗತ್ತೆಯೇ ಕಥೆಯ ನಡುವೆ ಅನ್ನುತ್ತಿದ್ದ ಮಾತು. ಅವತ್ತು ಒಲೆಯ ಮುಂದೆ, ಸುಮ್ನಿರೇ ಮಾರಾಯ್ತಿ ಹೇಳ್ತು ಅತ್ತೆ ಎಂದಿದ್ದರೆ ಅತ್ತೆ ಉಬ್ಬಿ ಇನ್ನೂ ಐವತ್ತು ತೊಡೆದೇವು ಮಾಡುತ್ತಿದ್ದಳು, ಟ್ರೇಸಿಯ ಕ್ಯಾಸೆಟ್ಟುಗಳು ಸಾಲದೆ ಬರುತ್ತಿದ್ದವು. ಶಬ್ದ ನನ್ನ ಮನೆಯಲ್ಲೇ ಇತ್ತು. ನಾನು ಡಿಕ್ಷನರಿಯಲ್ಲಿ ಹುಡುಕುತ್ತಿದ್ದೆ. ಆದರೆ ಒಂದು ರೀತಿಯಲ್ಲಿ ಹುರುಪೂ ಬಂತು. ಈಗ ವಿವರಿಸುವುದು ಸುಲಭ. ಇಷ್ಟು ಚಂದದ ಹೋಲಿಕೆ ಕೊಟ್ಟರೆ ಅತ್ತೆ ನಕ್ಕುಬಿಡುತ್ತಾಳೆ, ಎಲ್ಲ ಮೊದಲಿನಂತೆ ಆಗುತ್ತದೆ ಎಂದುಕೊಂಡೇ ಉಮ್ಮಚಗಿಯಲ್ಲಿ ಇಳಿದೆ.

ಭಾಗತ್ತೆ ಹಿಂದಿನ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಬಾ ಎಂದಳು. ಕೂತ್ಕ ಎಂದಳು. ನಾನು ಕೂರುವ ಮೊದಲೇ ಶುರು ಮಾಡಿದೆ. ಸೈಬರ್ ಕೆಫೆ, ಯು.ಕೆ., ಸನ್‌ಫ್ಲವರ್, ಬಸ್ಸಿನ ಹೆಂಗಸರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಮೇರಿಕದ ಹುಡುಗರು ಯಾವ ಶಬ್ದವನ್ನು ಯಾಕೆ ತಿರುಚುತ್ತಾರೆ ಎಂದು ಒಂದು ಸಣ್ಣ ಭಾಷಣವೂ ಆಯಿತು. ಆ ಕೂಸು ಬೈದದ್ದಲ್ಲ ಅತ್ತೆ, ಅದಕ್ಕೆ ಖುಷಿಯಾಗಿತ್ತು, ನಿನ್ನನ್ನು ಅದು ಎಷ್ಟು ಮೆಚ್ಚಿತ್ತು ಎಂದೆ.

ಅತ್ತೆ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು” ಎಂದಳು.

ನನಗೆ ಅರ್ಥವಾಗಲಿಲ್ಲ. ಏನು ಗೊತ್ತಿತ್ತು ಎಂದು ಕೇಳಿದೆ.

“ಅದರ ಮೋರೆ ಆನು ನೋಡಿದ್ನಿಲ್ಯಾ? ಅಷ್ಟು ಚೊಲೋ ಮೋರೆ ಮಾಡ್ಕಂಡು ಯಾರಾದ್ರೂ ಬೈತ್ವ? ಅದು ಎಂತ ಹೇಳಿರೂ ಖುಷಿಗೇ ಹೇಳಿದ್ದು ಹೇಳಿ ಅವತ್ತೇ ಗೊತ್ತಿತ್ತು.”

ಹಾಗಾದರೆ ಯಾಕೆ ಅತ್ತೆ, ಮತ್ತೆ ಮೂರು ವರ್ಷ ಯಾಕೆ ಎಂದೆ.

ಆಗ ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳ ಬೆರಳೆಲ್ಲ ಹುಣಸೆಯ ಅಂಟು.

“ಯಂಗೆ ಇಂಗ್ಲೀಷ್ ಬತ್ತಿಲ್ಲೆ ತಮಾ. ಬಾಯಿ ಮುಚ್ಚು ಹೇಳಿ ಆನು ಕೇಳಿದ್ದು ನಿನ್ನ ಬಾಯಲ್ಲಿ. ಈ ಮನೆಗೆ ಬಂದ ಮೇಲೆ ಅದನ್ನ ಎಲ್ಲರ ಬಾಯಲ್ಲೂ ಕೇಳಿದ್ದೆ. ನೀನೊಬ್ಬ ಬಾಕಿ ಇದ್ದಿದ್ದೆ.”

ಟ್ರೇಸಿಯ ಮಾತನ್ನು ನಾನು ದಾಟಿಸಿದೆ ಎಂದೇ ಅಷ್ಟು ವರ್ಷ ತಿಳಿದಿದ್ದೆ. ತಪ್ಪು ಅವಳದ್ದು, ಆಮೇಲೆ ಶಬ್ದದ್ದು, ನನ್ನದೇನಿದ್ದರೂ ಅರ್ಥ ತಿಳಿಯದಿದ್ದುದಷ್ಟೇ ಎಂದು. ಅತ್ತೆಗೆ ಅಮೇರಿಕವೂ ಇರಲಿಲ್ಲ, ಟ್ರೇಸಿಯೂ ಇರಲಿಲ್ಲ. ಒಲೆಯ ಮುಂದೆ ತಾಸುಗಟ್ಟಲೆ ಕೂತು ತನ್ನ ಮಾತು ಕೇಳುತ್ತಿದ್ದ ತಮ್ಮನ ಮಗ ಕಲಿತು ದೊಡ್ಡವನಾಗಿ ಬಂದು, ಪರದೇಶದವಳ ಎದುರಿಗೆ, ಒಂದು ಚೂರೂ ಹಿಂಜರಿಯದೆ ಅದನ್ನು ಹೇಳಿದ್ದ. ನನಗೆ ಅಳು ಬಂತು. ಅದನ್ನು ಬಚ್ಚಿಡುವಷ್ಟು ಚಾತುರ್ಯವೂ ಅವತ್ತು ನನ್ನಲ್ಲಿ ಇರಲಿಲ್ಲ.

“ತಪ್ಪಾತು, ಅತ್ತೆ” ಎಂದೆ.

ಅವಳು ಮೊರದಲ್ಲಿದ್ದ ಹುಣಸೆಹಣ್ಣಿನ ಅರ್ಧ ಭಾಗವನ್ನು ನನ್ನ ಕಡೆ ತಳ್ಳಿದಳು.

“ಇಷ್ಟು ಹೇಳಲೆ ನಿಂಗೆ ಇಂಗ್ಲೀಷು ಎಂತಕ್ಕೆ ಬೇಕಾತು?” ಅಂದಳು.